ಮೂರು ವರ್ಷ ಬಳಸಿದ ಬಿಪಿ ಮಷೀನ್: ಕೊಳ್ಳುವ ಮೊದಲು ನಿಮ್ಮ ತೋಳು ಅಳೆದುಕೊಳ್ಳಿ

ಈ ಬಿಪಿ ಮಷೀನ್ ನಮ್ಮ ಮನೆಗೆ ಬಂದಾಗ ನನಗೆ 48. ಈಗ 51. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಮಾಮೂಲಿ ಡಿಜಿಟಲ್ ಮಷೀನ್, 1,900 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು. ಮೆಮೊರಿ ಎಷ್ಟು, ಸ್ಕ್ರೀನ್ ಎಂಥದ್ದು ಅನ್ನುವುದೆಲ್ಲ ಡಬ್ಬಿಯ ಮೇಲೇ ಇರುತ್ತದೆ. ನಾನು ಬರೆಯಲು ಕೂತದ್ದು ಅದರ ಪಟ್ಟಿಯ ಬಗ್ಗೆ. ಎಂಟು ತಿಂಗಳು ನನ್ನ ನೆಮ್ಮದಿ ಕೆಡಿಸಿದ್ದು ಆ ಪಟ್ಟಿ.

ನಮ್ಮಪ್ಪನಿಗೆ 58ನೇ ವಯಸ್ಸಿನಲ್ಲಿ ಲಕ್ವಾ ಹೊಡೆಯಿತು. ಅಲ್ಲಿಯವರೆಗೆ ಅವರು ಒಮ್ಮೆಯೂ ಬಿಪಿ ನೋಡಿಸಿಕೊಂಡಿರಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೇನಾಗಿದೆ ಅನ್ನುತ್ತಿದ್ದರು. ಬಿಪಿ ಏರಿದರೆ ಬಹಳ ಜನಕ್ಕೆ ಏನೂ ಗೊತ್ತೇ ಆಗುವುದಿಲ್ಲ. ಹಾಗಾಗಿ ನಮ್ಮ ಶಾಲೆಯ ತಪಾಸಣೆಯಲ್ಲಿ ನನಗೆ 150/94 ಬಂದಾಗ ಕೈಕಾಲು ತಣ್ಣಗಾದವು. ಡಾಕ್ಟರು ದಿನಕ್ಕೊಂದು ಸಣ್ಣ ಮಾತ್ರೆ ಕೊಟ್ಟರು. ಉಪ್ಪು ಕಡಿಮೆ ಮಾಡಿ, ನಡೆಯಿರಿ, ಮನೆಯಲ್ಲೇ ಬಿಪಿ ನೋಡಿ ಬರೆದಿಡಿ ಎಂದರು.

ಹೇಳಿದ್ದನ್ನೆಲ್ಲ ಮಾಡಿದೆ. ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿ, ಮೆಣಸಿನಕಾಯಿ ಬಿಡುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಗೊತ್ತು. ಅದನ್ನೂ ಬಿಟ್ಟೆ. ಊಟದ ತಟ್ಟೆಯಿಂದ ಉಪ್ಪಿನಕಾಯಿ, ಹಪ್ಪಳ ಹೋದವು. ಸಂಜೆ ಕುಂದವಾಡ ಕೆರೆಯ ಏರಿ ಮೇಲೆ ನಡೆದೆ. ನಾಲ್ಕು ಕೆಜಿ ಇಳಿದೆ. ಆದರೂ ಮಷೀನ್ ಮಾತ್ರ 146, 148, 145 ಅಂತಲೇ ತೋರಿಸುತ್ತಿತ್ತು. ಮುಟ್ಟು ನಿಲ್ಲುವ ಹೊತ್ತು ಬೇರೆ. ರಾತ್ರಿ ಮೈ ಬೆವತು ಎಚ್ಚರವಾಗುತ್ತಿತ್ತು. ನಿದ್ದೆ ಕೆಟ್ಟ ಮರುದಿನ ಅಂಕಿ ಇನ್ನೂ ಜಾಸ್ತಿ. ಅಪ್ಪನ ಹಾಸಿಗೆ ಕಣ್ಣ ಮುಂದೆ ಬರುತ್ತಿತ್ತು. ಎಷ್ಟೋ ಸಲ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಡಾಕ್ಟರು ಮಾತ್ರೆ ಜಾಸ್ತಿ ಮಾಡುವ ಯೋಚನೆಯಲ್ಲಿದ್ದರು. ಅದಕ್ಕೂ ಮೊದಲು ಒಂದ್ಸಲ ಮಷೀನ್ ತಗೊಂಡು ಬನ್ನಿ ಎಂದರು. ಅಲ್ಲಿ ಪಟ್ಟಿ ಸುತ್ತಿಕೊಂಡು ತೋರಿಸುತ್ತಿದ್ದಂತೆ ನರ್ಸ್ ಹೇಳಿದರು, "ಮೇಡಂ, ಇದು ನಿಮ್ಮ ತೋಳಿಗೆ ಚಿಕ್ಕದಾಯ್ತು." ಟೇಪು ತಂದು ಭುಜಕ್ಕೂ ಮೊಣಕೈಗೂ ನಟ್ಟನಡುವೆ ತೋಳಿನ ಸುತ್ತಳತೆ ತೆಗೆದರು. 35 ಸೆಂ.ಮೀ. ನನ್ನ ಪಟ್ಟಿ 22ರಿಂದ 32ರವರೆಗಿನ ತೋಳಿಗೆ ಮಾತ್ರ! ಪಟ್ಟಿಯ ಅಂಚಿನ ಗೆರೆ ಗುರುತಿನ ಒಳಗೆ ಬಂದು ಕೂರಬೇಕಂತೆ. ನನ್ನದು ಹೊರಗೇ ಇತ್ತು. ಪಟ್ಟಿ ಚಿಕ್ಕದಾದರೆ ರಕ್ತನಾಳವನ್ನು ಅದುಮಲು ಗಾಳಿಯ ಒತ್ತಡ ಜಾಸ್ತಿ ಬೇಕು, ಹಾಗಾಗಿ ಅಂಕಿಯೂ ಇರುವುದಕ್ಕಿಂತ ಜಾಸ್ತಿ ಬರುತ್ತದೆ.

ಡಬ್ಬಿಯ ಬದಿಯಲ್ಲಿ ಈ ಅಳತೆ ಇದೆ ನಿಜ. ಆದರೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಚಾಳೀಸಿನ ಕನ್ನಡಕ ಹಾಕಿಕೊಳ್ಳುವ ವಯಸ್ಸಿನವರೇ ಕೊಳ್ಳುವ ವಸ್ತು ಇದು, ಅಲ್ವಾ? ಕಾಲಿಗೆ ಚಪ್ಪಲಿ ಮಾರುವವರೂ ಸೈಜ್ ಕೇಳುತ್ತಾರೆ. ಇವರು ಒಂದು ಮಾತು ಕೇಳಲಿಲ್ಲ. ಫೋನ್ ಮಾಡಿದರೆ ಪಟ್ಟಿ ಬದಲಾಯಿಸಿ ಕೊಡುವುದಿಲ್ಲ, ದೊಡ್ಡದನ್ನು ಬೇರೆ ಕೊಳ್ಳಬೇಕು ಎಂದರು. ಬೇರೆ ಕಂಪನಿಯ ಪಟ್ಟಿ ಹಾಕಿದರೆ ಅಳತೆ ನಂಬುವಂತಿಲ್ಲ. ಇನ್ನೂ 850 ರೂಪಾಯಿ ಹೋಯಿತು. ದುಡ್ಡಿಗಿಂತ ನನಗೆ ಬೇಜಾರಾಗಿದ್ದು ಆ ಎಂಟು ತಿಂಗಳ ಭಯಕ್ಕೆ.

ದೊಡ್ಡ ಪಟ್ಟಿ ಹಾಕಿದ ದಿನವೇ ಮೇಲಿನ ಅಂಕಿ ಏಳೆಂಟು ಇಳಿಯಿತು. ಉಳಿದ ತಪ್ಪುಗಳನ್ನೂ ನರ್ಸ್ ತಿದ್ದಿದರು. ನಾನು ಮಂಚದ ತುದಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಮಗಳಿಗೆ ಟಿಫನ್ ಬಾಕ್ಸ್ ಮರೀಬೇಡ ಅನ್ನುತ್ತಾ ಗುಂಡಿ ಒತ್ತುತ್ತಿದ್ದೆ. ಬೆನ್ನಿಗೆ ಆಸರೆ ಇಲ್ಲದಿದ್ದರೂ, ಮಾತಾಡಿದರೂ, ಕೈ ಎದೆಯ ಮಟ್ಟಕ್ಕಿಂತ ಕೆಳಗಿದ್ದರೂ ಮಷೀನಿನ ಅಂಕಿ ಏರುತ್ತದೆ.

ಈಗ ಬೆಳಿಗ್ಗೆ ಐದೂ ಮುಕ್ಕಾಲಿಗೆ ಏಳುತ್ತೇನೆ. ಬಚ್ಚಲಿಗೆ ಹೋಗಿ ಬಂದು ಕಿಟಕಿ ಪಕ್ಕದ ಮರದ ಕುರ್ಚಿಯಲ್ಲಿ ಕೂರುತ್ತೇನೆ. ಟೇಬಲ್ ಸ್ವಲ್ಪ ತಗ್ಗು, ಅದಕ್ಕೇ ಒಂದು ಚಾದರ ಮಡಚಿಟ್ಟು ಅದರ ಮೇಲೆ ಕೈ. ಎರಡೂ ಪಾದ ನೆಲದ ಮೇಲೆ. ಕಾಫಿ ಇಲ್ಲ, ಮಾತ್ರೆ ಇಲ್ಲ, ಅವೆಲ್ಲ ಆಮೇಲೆ. ಐದು ನಿಮಿಷ ಸುಮ್ನೆ ಕೂರಬೇಕು. ಎದುರು ಮನೆಯವರು ಅಂಗಳಕ್ಕೆ ನೀರು ಹಾಕುವ ಸದ್ದು, ಹಾಲಿನವನ ಸೈಕಲ್ ಬೆಲ್ಲು ಕೇಳುತ್ತದೆ. ಆ ಹೊತ್ತಲ್ಲಿ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವಂತಿಲ್ಲ. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಇಂಥ ಐದು ನಿಮಿಷ ನನಗೆ ಸಿಕ್ಕೇ ಇರಲಿಲ್ಲ. ಆಮೇಲೆ ಗುಂಡಿ ಒತ್ತುತ್ತೇನೆ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. 200 ಪುಟದ ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆಯುತ್ತೇನೆ. ನಿದ್ದೆ ಬಾರದ ದಿನ ಪಕ್ಕದಲ್ಲಿ ಒಂದು ಚುಕ್ಕೆ, ಮದುವೆಮನೆ ಊಟದ ಮರುದಿನ ಇನ್ನೊಂದು ಗುರುತು. ಭಾನುವಾರ ಅಳತೆ ಇಲ್ಲ. ಆದರೂ ಆ ಕುರ್ಚಿಯಲ್ಲಿ ಕೂತಿರುತ್ತೇನೆ.

ಡಾಕ್ಟರ ಹತ್ತಿರ ಹೋಗುವ ವಾರ ಮಾತ್ರ ಏಳು ದಿನ, ಬೆಳಿಗ್ಗೆ ರಾತ್ರಿ ಎರಡೆರಡು ಸಲ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ನೋಡುತ್ತಾರೆ. ಮನೆಯಲ್ಲಿ ಅದು 135/85ಕ್ಕಿಂತ ಕಡಿಮೆ ಇರಬೇಕು. ಕಳೆದ ಸಲ ನನ್ನದು 128/80. ಮಾತ್ರೆ ಹಾಗೇ ಮುಂದುವರಿದಿದೆ. ಅಂಕಿ ಚೆನ್ನಾಗಿದೆ ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮಷೀನ್ ಒಂದು ಸಲವೂ ಕೆಟ್ಟಿಲ್ಲ. ಬ್ಯಾಟರಿ ಆರೇಳು ತಿಂಗಳು ಬರುತ್ತದೆ. ವರ್ಷಕ್ಕೊಮ್ಮೆ ಕ್ಲಿನಿಕ್ಕಿಗೆ ಒಯ್ದು ಅಲ್ಲಿನ ಅಳತೆ ಜೊತೆ ಹೋಲಿಸುತ್ತೇನೆ. ಹೆಚ್ಚು ವ್ಯತ್ಯಾಸ ಬಂದಿಲ್ಲ. ಮಷೀನಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಮಾರಿದ ರೀತಿಗೆ ಎರಡು. ನಮ್ಮ ಸಂಬಳದ ಮನೆಗೆ ಒಟ್ಟು 2,750 ರೂಪಾಯಿ ಜಾಸ್ತಿಯೇ. ಆದರೂ ಮತ್ತೆ ಕೊಳ್ಳಬೇಕಾಗಿ ಬಂದರೆ ಇದನ್ನೇ ಕೊಳ್ಳುತ್ತೇನೆ, ದೊಡ್ಡ ಪಟ್ಟಿ ಇರುವುದನ್ನೇ ಕೇಳಿ.

ಚಿಕ್ಕ ಪಟ್ಟಿಯನ್ನು ಎಸೆದಿಲ್ಲ. ಅಮ್ಮನ ತೋಳು 25 ಸೆಂ.ಮೀ. ಊರಿಂದ ಬಂದಾಗ ಅವರೂ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಐದು ನಿಮಿಷ ಮಾತಾಡದೆ ಇರುವುದು ಅವರಿಗೆ ಕಷ್ಟ. ನಾನು ಪಕ್ಕದಲ್ಲಿ ಅವರ ಇನ್ನೊಂದು ಕೈ ಹಿಡಿದುಕೊಂಡು ಕೂರುತ್ತೇನೆ.