ಟಿಎಲ್072 ಅಂತ ಬರೆದದ್ದೆಲ್ಲ ಟಿಎಲ್072 ಅಲ್ಲ: ಸಿಂಥ್ ಕಟ್ಟುವವರು ಗಮನಿಸಿ

ಮನೆಯಲ್ಲೇ ಸಿಂಥಸೈಜರ್ (ಎಲೆಕ್ಟ್ರಾನಿಕ್ ಸಂಗೀತ ವಾದ್ಯ, ಚಿಕ್ಕದಾಗಿ ಸಿಂಥ್) ಕಟ್ಟಲು ಹೊರಟವರು ದಯವಿಟ್ಟು ಇದನ್ನು ಓದಿ, ಆಮೇಲೆ ಆರ್ಡರ್ ಹಾಕಿ. ಆನ್‌ಲೈನಲ್ಲಿ ತುಂಬಾ ಕಮ್ಮಿಗೆ ಸಿಗುವ ಐಸಿಗಳಲ್ಲಿ ಮೇಲೆ ಬರೆದ ನಂಬರ್ ಒಂದು, ಒಳಗಿನ ಸಾಮಾನು ಇನ್ನೊಂದು ಇರುವುದುಂಟು. ನನಗೆ ಹಾಗೆ ಬಂದದ್ದು ಟಿಎಲ್072, ಸಿಗ್ನಲನ್ನು ಬಲಪಡಿಸಿ ಮುಂದಕ್ಕೆ ಕೊಡುವ ಆಪ್‌ಆಂಪ್ ಜಾತಿಯ ಐಸಿ. ದುಡ್ಡು ಹೋದದ್ದು ದೊಡ್ಡ ಮಾತಲ್ಲ. ಸರಿಯಾಗಿದ್ದ ಸರ್ಕ್ಯೂಟಿನಲ್ಲೇ ತಪ್ಪು ಹುಡುಕುತ್ತಾ ಒಂದು ಮಳೆಗಾಲವೇ ಕಳೆದುಹೋಯಿತು, ಅದೇ ಬೇಜಾರು.

ನಾನಿರುವುದು ಬದಿಯಡ್ಕದ ಹತ್ತಿರ. ರೆಸಿಸ್ಟರ್, ಟ್ರಾನ್ಸಿಸ್ಟರ್, 7812 ವೋಲ್ಟೇಜ್ ರೆಗ್ಯುಲೇಟರ್ ಇಂಥದ್ದೆಲ್ಲ ಇಲ್ಲಿನ ಟಿವಿ ರಿಪೇರಿ ಅಂಗಡಿಯಲ್ಲೇ ಸಿಗುತ್ತದೆ. ಅದು ಬಿಟ್ಟರೆ ಕಾಸರಗೋಡು, ಇಲ್ಲವೇ ಮಂಗಳೂರು. ಸಿಂಥ್‌ಗೆ ಬೇಕಾದ ಐಸಿಗಳೆಲ್ಲ ಅಲ್ಲಿಯೂ ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆಯವರಿಗೆ ಕೊನೆಗೆ ಆನ್‌ಲೈನೇ ಗತಿ, ಅಲ್ವಾ.

ನನ್ನ ಸಿಂಥ್‌ನಲ್ಲಿ ಒಂದು ಸ್ಯಾಂಪಲ್ ಆಂಡ್ ಹೋಲ್ಡ್ ಇತ್ತು. ಕೀಲಿ ಒತ್ತಿದಾಗ ಬಂದ ವೋಲ್ಟೇಜನ್ನು ಅದು 10 ನ್ಯಾನೋಫ್ಯಾರಡ್ ಕೆಪಾಸಿಟರ್‌ನಲ್ಲಿ ಹಿಡಿದಿಡುತ್ತದೆ. ಟಿಎಲ್072 ಆ ವೋಲ್ಟೇಜನ್ನು ಓದಿ, ಸ್ವರ ಹುಟ್ಟಿಸುವ ಆಸಿಲೇಟರ್‌ಗೆ ಕೊಡುತ್ತದೆ. ಕೀಲಿ ಬಿಟ್ಟ ಮೇಲೂ ಸ್ವರ ಅಲ್ಲೇ ನಿಲ್ಲಬೇಕು. ನನ್ನದರಲ್ಲಿ ಷಡ್ಜ ಒತ್ತಿ ಬಿಟ್ಟರೆ ಸ್ವರ ಮೇಲಕ್ಕೆ ಏರುತ್ತಾ ಏರುತ್ತಾ ಹೋಗಿ ಕೊನೆಗೆ ಕಿರುಚುತ್ತಿತ್ತು.

ಮೊದಲು ಸಂಶಯ ಬಂದದ್ದು ತೇವದ ಮೇಲೆ. ಜೂನ್‌ನಲ್ಲಿ ನಮ್ಮಲ್ಲಿ ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುತ್ತದೆ, ಬೆಸುಗೆ ಹಾಕುವಾಗ ಬೋರ್ಡ್ ಮೇಲೆ ಉಳಿದ ಫ್ಲಕ್ಸ್ ಅಂಟು ತೇವ ಹೀರಿಕೊಂಡರೆ ಅದರ ಮೂಲಕ ಕರೆಂಟ್ ಸೋರುವುದು ನಿಜವೇ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ ನೋಡಿದೆ. ಕೆಪಾಸಿಟರ್ ತೆಗೆದು ಪಾಲಿಪ್ರೊಪಿಲೀನ್ ಜಾತಿಯದ್ದು ಹಾಕಿದೆ. ಸ್ವಿಚ್ ಆಗಿ ಕೆಲಸ ಮಾಡುವ ಎಫ್‌ಇಟಿ ಟ್ರಾನ್ಸಿಸ್ಟರನ್ನೂ ಬದಲಿಸಿದೆ. ಏನೂ ವ್ಯತ್ಯಾಸ ಇಲ್ಲ. ಕೊನೆಗೆ ರಿಪೇರಿ ಅಂಗಡಿಯವರು ಹಳೇ ಆಡಿಯೋ ಬೋರ್ಡ್‌ನಿಂದ ಕಳಚಿಟ್ಟ ಒಂದು ಟಿಎಲ್072 ಕೊಟ್ಟು, "ಇದನ್ನೊಮ್ಮೆ ಹಾಕಿ ನೋಡಿ ಮಾರಾಯ್ರೆ, ಹೊಸತನ್ನು ನಂಬಲಿಕ್ಕಾಗುವುದಿಲ್ಲ ಈಗ" ಅಂದರು. ಸಾಕೆಟ್‌ಗೆ ಹಾಕಿದ ಕೂಡಲೇ ಸ್ವರ ಏರದೆ ಅಲ್ಲೇ ನಿಂತಿತು.

ಕಾರಣ ಹೀಗೆ. ಟಿಎಲ್072ರ ಇನ್‌ಪುಟ್‌ನಲ್ಲಿ ಜೆಎಫ್‌ಇಟಿ ಅನ್ನುವ, ಅತಿ ಕಮ್ಮಿ ಕರೆಂಟ್ ಸಾಕಾಗುವ ಟ್ರಾನ್ಸಿಸ್ಟರ್ ಇರುತ್ತದೆ. ಅದರ ಇನ್‌ಪುಟ್ ಕರೆಂಟ್ ಸಾಮಾನ್ಯವಾಗಿ 65 ಪಿಕೋಆಂಪ್ ಅಷ್ಟೇ. 10 ನ್ಯಾನೋಫ್ಯಾರಡ್ ಕೆಪಾಸಿಟರ್‌ನ ವೋಲ್ಟೇಜನ್ನು ಅದು ಸೆಕೆಂಡಿಗೆ 6.5 ಮಿಲಿವೋಲ್ಟ್ ಸರಿಸುತ್ತದೆ. ಸಿಂಥ್‌ನಲ್ಲಿ ಒಂದು ಆಕ್ಟೇವ್‌ಗೆ (ಷಡ್ಜದಿಂದ ಮೇಲಿನ ಷಡ್ಜಕ್ಕೆ) 1 ವೋಲ್ಟ್, ಅಂದರೆ ಅರ್ಧಸ್ವರಕ್ಕೆ 83 ಮಿಲಿವೋಲ್ಟ್, ಹಾಗಾಗಿ ಇದು ತಡೆದುಕೊಳ್ಳುವಷ್ಟೇ. ಆದರೆ 4558, ಎಲ್‌ಎಂ358 ಅನ್ನುವ ಆಪ್‌ಆಂಪ್‌ಗಳಲ್ಲಿ ಇನ್‌ಪುಟ್‌ಗೆ ಮಾಮೂಲಿ ಟ್ರಾನ್ಸಿಸ್ಟರ್ ಇರುತ್ತದೆ. ಅಲ್ಲಿ ಕರೆಂಟ್ ಹತ್ತಾರು ನ್ಯಾನೋಆಂಪ್. 50 ನ್ಯಾನೋಆಂಪ್ ಅಂತ ಇಟ್ಟುಕೊಂಡರೂ ಸೆಕೆಂಡಿಗೆ 5 ವೋಲ್ಟ್, ಅಂದರೆ ಐದು ಆಕ್ಟೇವ್! ನನಗೆ ಬಂದದ್ದರ ಒಳಗೆ 4558 ಜಾತಿಯದ್ದೇ ಇರಬೇಕು ಅಂತ ನನ್ನ ಊಹೆ. ಕಾಲುಗಳ ಜೋಡಣೆ ಎರಡಕ್ಕೂ ಒಂದೇ. ಆಡಿಯೋ ಮಿಕ್ಸರ್‌ನಲ್ಲಿ ಹಾಕಿದರೆ ಸದ್ದು ಸರಿಯಾಗೇ ಬರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಮೋಸ ನಡೆಯುವುದೇ ಇದರಿಂದ.

ಪರೀಕ್ಷೆ ಸುಲಭ, ದಯವಿಟ್ಟು ಮಾಡಿ. ಎರಡು 9 ವೋಲ್ಟ್ ಬ್ಯಾಟರಿ ತೆಗೆದುಕೊಂಡು ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಜೋಡಿಸಿ, ಆ ಜೋಡಿಸಿದ ಜಾಗವೇ ಗ್ರೌಂಡ್. ಉಳಿದ ಪ್ಲಸ್ ಐಸಿಯ 8ನೇ ಕಾಲಿಗೆ, ಮೈನಸ್ 4ನೇ ಕಾಲಿಗೆ. 1 ಮತ್ತು 2ನೇ ಕಾಲು ಒಟ್ಟಿಗೆ ಸೇರಿಸಿ. 3ನೇ ಕಾಲಿನಿಂದ ಗ್ರೌಂಡ್‌ಗೆ 1 ಮೆಗಾಓಮ್ ರೆಸಿಸ್ಟರ್. ಈಗ 1ನೇ ಕಾಲಿನಲ್ಲಿ ಡಿಸಿ ವೋಲ್ಟೇಜ್ ನೋಡಿ, ಸಾಮಾನ್ಯ ಮಲ್ಟಿಮೀಟರ್ ಸಾಕು. ಹೆಚ್ಚೆಂದರೆ 10 ಮಿಲಿವೋಲ್ಟ್ ಒಳಗೆ ಬಂದರೆ ಒಳಗೆ ಜೆಎಫ್‌ಇಟಿ ಇದೆ ಅಂತ ನಂಬಬಹುದು. 25, 50, 100 ಅಂತ ತೋರಿಸಿದರೆ ಅದು ಟಿಎಲ್072 ಅಲ್ಲವೇ ಅಲ್ಲ. ಇನ್ನೊಂದು ಅರ್ಧವನ್ನೂ ಹೀಗೇ ನೋಡಿ: 6 ಮತ್ತು 7 ಸೇರಿಸಿ, 5ಕ್ಕೆ ರೆಸಿಸ್ಟರ್. ಹತ್ತಿಗೆ ಅಸಿಟೋನ್ ಹಾಕಿ ಐಸಿಯ ಮೇಲೆ ಉಜ್ಜುವ ಉಪಾಯವೂ ಇದೆ. ಕಪ್ಪು ಬಣ್ಣ ಎದ್ದು ಬಂದರೆ ಹಳೇ ನಂಬರ್ ಮುಚ್ಚಿ ಹೊಸತು ಬರೆದದ್ದು ಖಾತ್ರಿ. ಏನೂ ಬಾರದಿದ್ದರೆ ಅಸಲಿ ಅಂತ ಅರ್ಥ ಅಲ್ಲ, ಅಸಿಟೋನ್‌ಗೆ ಬಗ್ಗದ ನಕಲಿಗಳೂ ಇವೆ.

ಆಪ್‌ಆಂಪ್ ಮಾತ್ರ ಅಲ್ಲ. ಸಿಂಥ್‌ಗಳಲ್ಲಿ ಬಳಸುವ ಸಿಎ3080 ಐಸಿಯ ತಯಾರಿ ನಿಂತು ಎಷ್ಟೋ ವರ್ಷ ಆಯಿತು. ಅದು "ಹೊಚ್ಚಹೊಸತು, ಬೇಕಾದಷ್ಟು ಸ್ಟಾಕ್ ಇದೆ" ಅಂತ ಕಂಡರೆ ದೂರ ಇರಿ, ಅದರ ಬದಲು ಎಲ್‌ಎಂ13700 ಹಾಕುವ ಸರ್ಕ್ಯೂಟ್ ಹುಡುಕಿ. ಕೆಪಾಸಿಟರ್ ಕೊಳ್ಳುವಾಗ ಫ್ಯಾರಡ್ ಅಳತೆ ಮಾತ್ರ ಹೇಳಬೇಡಿ, ಜಾತಿಯನ್ನೂ ಹೇಳಿ. 103 ಅಂತ ಬರೆದಿದ್ದರೆ 10 ನ್ಯಾನೋಫ್ಯಾರಡ್ ಅಂತ ಮಾತ್ರ ಗೊತ್ತಾಗುತ್ತದೆ. ಆಸಿಲೇಟರ್‌ನ ಟೈಮಿಂಗ್‌ಗೆ ಸಾದಾ ಸಿರಾಮಿಕ್ ಡಿಸ್ಕ್ ಹಾಕಿದರೆ ಮಧ್ಯಾಹ್ನ ಒಂದು ಶ್ರುತಿ, ರಾತ್ರಿ ಇನ್ನೊಂದು ಶ್ರುತಿ. ಅಲ್ಲಿಗೆ ಪಾಲಿಸ್ಟೈರೀನ್ ಅಥವಾ ಸಿ0ಜಿ (ಬಿಸಿಗೆ ಅಷ್ಟಾಗಿ ಬದಲಾಗದ ಸಿರಾಮಿಕ್) ಬೇಕು. ಮತ್ತೆ ಮೈನಸ್ 12 ವೋಲ್ಟ್ ಕೊಡುವ ರೆಗ್ಯುಲೇಟರ್ 7912ರ ಕಾಲುಗಳು 7812ರ ಹಾಗೆ ಇಲ್ಲ. 7812ರಲ್ಲಿ ಮೊದಲ ಕಾಲು ಇನ್‌ಪುಟ್, ನಡುವಿನದ್ದು ಗ್ರೌಂಡ್. 7912ರಲ್ಲಿ ಮೊದಲನೆಯದು ಗ್ರೌಂಡ್, ನಡುವಿನದ್ದು ಇನ್‌ಪುಟ್. ಅದರ ಲೋಹದ ಬೆನ್ನೂ ಇನ್‌ಪುಟ್‌ಗೇ ಸೇರಿರುತ್ತದೆ, ಎರಡನ್ನೂ ಒಂದೇ ಹೀಟ್‌ಸಿಂಕ್‌ಗೆ ಸುಮ್ನೆ ಬಿಗಿಯಬೇಡಿ, ಕರೆಂಟ್ ಹಾಯದ ಹಾಗೆ ನಡುವೆ ಮೈಕಾ ಹಾಳೆ ಹಾಕಿ.

ಮೌಸರ್, ಡಿಜಿಕೀ, ಎಲಿಮೆಂಟ್14 ತರಹದ ಅಧಿಕೃತ ವಿತರಕರಲ್ಲಿ ಐಸಿಗೆ ಜಾಸ್ತಿ ಆಗುತ್ತದೆ, ಸಾಗಾಟದ ಖರ್ಚು ಬೇರೆ. ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸಿದರೆ ಹೊರೆ ಆಗುವುದಿಲ್ಲ. ಕುಂಬಳೆ, ಪೆರ್ಲ, ಉಪ್ಪಳ ಕಡೆಯಲ್ಲಿ ಈ ಹುಚ್ಚು ಇರುವವರು ಹೇಳಿ, ಮುಂದಿನ ಸಲ ಸೇರಿಸಿಕೊಳ್ಳುತ್ತೇನೆ.

ಮಾರಿದವರಿಗೆ ಅಳತೆಯ ಫೋಟೋ ಸಮೇತ ಬರೆದೆ. "ಸರ್, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನಿಮ್ಮ ಸರ್ಕ್ಯೂಟ್ ಚೆಕ್ ಮಾಡಿ" ಅಂತ ಉತ್ತರ ಬಂತು. ವಾಪಸ್ ಕೊಡುವ ಅವಧಿಯೂ ಮುಗಿದಿತ್ತು. ಈಗ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನೀವು ಪ್ಯಾಕೆಟ್ ಒಡೆಯುವಾಗಲೇ ವಿಡಿಯೋ ಮಾಡಿ, ಅದೇ ದಿನ ಈ ಮೆಗಾಓಮ್ ಪರೀಕ್ಷೆಯನ್ನೂ ಮುಗಿಸಿ. ಐಸಿಯನ್ನು ನೇರ ಬೋರ್ಡ್‌ಗೆ ಬೆಸುಗೆ ಹಾಕಿದರೆ ಅವರು ವಾಪಸ್ ತೆಗೆದುಕೊಳ್ಳುವುದೇ ಇಲ್ಲ, ಸಾಕೆಟ್ ಹಾಕಿ.