ಒಂದು ಮಿಲಿಮೀಟರ್ ಪಿವಟ್‌, ಮೂರು ಲೇಥ್‌

ಬೆಳಗಾವಿಯಲ್ಲಿ ಲೇಥ್‌ಗೆ (ಲೋಹ ತಿರುಗಿಸಿ ಕಡೆಯುವ ಯಂತ್ರಕ್ಕೆ) ಬರವೇ? ಅಜ್ಜನ ಕಾಲದ ಅನ್ಸೋನಿಯಾ ಗೋಡೆ ಗಡಿಯಾರದ ಚಕ್ರವೊಂದರ ಪಿವಟ್, ಅಂದರೆ ಅಚ್ಚಿನ ತೆಳು ತುದಿ, ಮುರಿದಾಗ ಮೊದಲು ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಕ್ಕೇ ಒಯ್ದೆ. ಅಲ್ಲಿನ ಹಿರಿಯ ಮಿಸ್ತ್ರಿ ಅದನ್ನು ಅಂಗೈಯಲ್ಲಿಟ್ಟು ನೋಡಿ ನಕ್ಕರು: "ತಮ್ಮಾ, ನಮ್ಮ ಚಕ್ ಇದನ್ನು ಹಿಡಿಯುವುದಿಲ್ಲ, ನುಂಗುತ್ತದೆ." ದೊಡ್ಡ ಲೇಥ್‌ನ ಕಥೆ ಅಲ್ಲಿಗೇ ಮುಗಿಯಿತು.

ಆಮೇಲೆ ಗೆಳೆಯರೊಬ್ಬರ ಶೆರ್ಲೈನ್ ಮೇಜುಲೇಥನ್ನು ಎರಡು ತಿಂಗಳು ಬಳಸಿದೆ. 90 ಮಿ.ಮೀ. ಅಗಲದ ಚಕ್ರದವರೆಗೆ ತಿರುಗಿಸಬಹುದು, ವೇಗ ನಿಮಿಷಕ್ಕೆ 70ರಿಂದ 2800 ಸುತ್ತು. ಪಿವಟ್ ಕೂರುವ ತೂತಿಗೆ ಹಾಕುವ ಹಿತ್ತಾಳೆ ಬುಶ್ (ಪುಟ್ಟ ಕೊಳವೆ) ಕಡೆಯುವುದಕ್ಕೆ, ಸ್ಪ್ರಿಂಗ್ ಡಬ್ಬಿಯ ಅಂಚು ಸರಿಪಡಿಸುವುದಕ್ಕೆ ಇದಕ್ಕಿಂತ ಹಿತವಾದದ್ದು ಬೇಡ. ಆದರೆ ಪಿವಟ್ ವಿಷಯಕ್ಕೆ ಬಂದಾಗ ಮೂರು ದವಡೆಯ ಚಕ್ ಸಾಲದು. ಅದು ಯಾರ ಚಕ್ ಆದರೂ ಅಷ್ಟೇ, ತುಂಡನ್ನು ಒಮ್ಮೆ ಬಿಚ್ಚಿ ಮತ್ತೆ ಹಿಡಿದರೆ ಕೇಂದ್ರ ಕೊಂಚ ಸರಿದಿರುತ್ತದೆ. ತುಂಡನ್ನು ಸುತ್ತಲೂ ಸಮನಾಗಿ ಬಿಗಿಹಿಡಿಯುವ ಸೀಳುಕೊಳವೆ, ಅಂದರೆ ಕಾಲೆಟ್, ಹಾಕಿಕೊಂಡೂ ನೋಡಿದೆ. ಹಿಡಿಕೆ ಒಂದು ಗೆರೆ ಹೆಚ್ಚು ತಿರುಗಿಸಿದ್ದು ನನ್ನದೇ ತಪ್ಪು. ಉಳಿ ಎಷ್ಟು ಒತ್ತುತ್ತಿದೆಯೆಂದು ಕೈಗೆ ತಿಳಿಯಲೇ ಇಲ್ಲ, ಪಿವಟ್ ಟಕ್ಕೆಂದು ಮುರಿಯಿತು.

ಕೊನೆಗೆ ಗೆದ್ದದ್ದು ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕ 8 ಮಿ.ಮೀ. ಕಾಲೆಟ್ ಹಿಡಿಯುವ, ಜರ್ಮನಿಯ ಬೋಲಿ ಕಂಪನಿಯ ಗಡಿಯಾರದ ಲೇಥ್. ಅದಕ್ಕೆ ಹೊಲಿಗೆ ಯಂತ್ರದ ಮೋಟಾರ್ ಜೋಡಿಸಿದ್ದೇನೆ. ಪೆಡಲ್ ಮೇಲಿನ ಕಾಲು ಸಡಿಲಿಸಿದರೆ ಗಾಣದೆತ್ತಿನಂತೆ ನಿಧಾನವಾಗುತ್ತದೆ. ಇಲ್ಲಿ ಉಳಿಯನ್ನು ಯಂತ್ರ ಹಿಡಿಯುವುದಿಲ್ಲ. ಗ್ರೇವರ್ ಎಂಬ ಚೂಪು ಉಳಿಯನ್ನು ಆಸರೆಯ ಮೇಲಿಟ್ಟು ಕೈಯಲ್ಲೇ ಹಿಡಿಯಬೇಕು. ಅದು ಹರಿತವಾಗಿದ್ದರೆ ಉಕ್ಕು ಕೂದಲೆಳೆಯಂಥ ಸುರುಳಿಯಾಗಿ ಏಳುತ್ತದೆ. ಮೊಂಡಾಗಿದ್ದರೆ ಬರೀ ಪುಡಿ, ಜೊತೆಗೆ ಹಲ್ಲು ಜುಮ್ಮೆನ್ನಿಸುವ ಕಿರುಚು. ಮೊದಲ ಮೂರು ವಾರ ನಾನು ಕಲಿತದ್ದು ಎಣ್ಣೆಕಲ್ಲಿನ ಮೇಲೆ ಗ್ರೇವರ್ ಮಸೆಯುವುದನ್ನು ಮಾತ್ರ. ಹೆಂಡತಿಗೆ ಅಡುಗೆಮನೆಯ ಚಾಕುಗಳೂ ಹರಿತವಾದವೆಂಬ ಸಂತೋಷ.

ಹಳೆಯ ಲೇಥ್ ಕೊಳ್ಳುವವರು ಮೈಬಣ್ಣ ನೋಡದೆ ಕಾಲೆಟ್‌ಗಳನ್ನು ಎಣಿಸಲಿ. ಅವುಗಳ ಮೇಲೆ ಕೆತ್ತಿದ ಸಂಖ್ಯೆ ತೂತಿನ ಅಳತೆ, ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕ: 20 ಎಂದಿದ್ದರೆ 2 ಮಿ.ಮೀ. ತೂತು. ಕಾಲೆಟ್ ಬಾಯಿ ಸವೆದಿದ್ದರೆ ಅಥವಾ ನಡುವೆ ನಾಲ್ಕಾರು ಅಳತೆಗಳೇ ಇಲ್ಲದಿದ್ದರೆ, ಅಗ್ಗದ ಲೇಥ್ ಆಮೇಲೆ ದುಬಾರಿಯಾಗುತ್ತದೆ.

ಬುಶ್‌ಗಳಲ್ಲಿ ಬರ್ಜನ್, ಕೆಡಬ್ಲ್ಯೂಎಂ ಎಂಬ ಎರಡು ಕಂಪನಿಗಳವೂ ಒಳ್ಳೆಯವೇ. ಆದರೆ ಹೊರ ಅಳತೆಗಳು ಬೇರೆಯಾದ್ದರಿಂದ ಒಂದರ ರೀಮರ್ (ತೂತು ಹಿಗ್ಗಿಸುವ ಉಪಕರಣ) ಇನ್ನೊಂದರ ಬುಶ್‌ಗೆ ಒಗ್ಗುವುದಿಲ್ಲ. ಒಂದನ್ನೇ ಹಿಡಿದುಕೊಳ್ಳಿ. ನಾನು ತಿಂಗಳಿಗೆ ಎರಡೋ ಮೂರೋ ಗಡಿಯಾರ ಬಿಚ್ಚುವವನು; ಬ್ರೋಚ್ ಎಂಬ ಐದು ಮೂಲೆಯ ಉಕ್ಕಿನ ಕಡ್ಡಿ ಹಿಡಿದು ಕೈಯಲ್ಲೇ ತೂತು ಹಿಗ್ಗಿಸುತ್ತೇನೆ.

ಅನ್ಸೋನಿಯಾ ಈಗ ಪಡಸಾಲೆಯಲ್ಲಿ ಬಡಿಯುತ್ತಿದೆ. ವಾರಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆ. ಅದಕ್ಕೆ ಲೋಲಕದ ಗುಂಡನ್ನು ಸ್ವಲ್ಪ ಕೆಳಗಿಳಿಸಬೇಕು.