ಮಾಯಾಮೃಗ, ಪುಟ್ಟಕ್ಕ, ಗಿಣಿರಾಮ: ಮೂರನ್ನೂ ನೋಡಿ ಅನಿಸಿದ್ದು

ಧಾರವಾಡದಲ್ಲಿ ಧಾರಾವಾಹಿಯ ಮಾತು ಎದ್ದರೆ ಎರಡು ಪಕ್ಷ ಆಗಿಬಿಡುತ್ತವೆ. ‘ಮಾಯಾಮೃಗ ಆದ ಮೇಲೆ ಏನೂ ಬರಲಿಲ್ಲ’ ಅನ್ನುವವರು ಒಂದು ಕಡೆ. ‘ಅದು ಬಹಳ ನಿಧಾನ’ ಅನ್ನುವವರು ಇನ್ನೊಂದು ಕಡೆ. ಈ ವಾದ ಕೇಳಿ ಕೇಳಿ, ಹಳೆಯದೊಂದು ಹೊಸವೆರಡು ಇಟ್ಟುಕೊಂಡು ಒಂದರ ಹಿಂದೊಂದು ನೋಡಿದೆ.

1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ಕ್ಕೆ ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ನಿರ್ದೇಶಕರು. ಈಗಿನ ಕಣ್ಣಿಗೆ ಚಿತ್ರ ಮಂಕು, ಮನೆಗಳು ಸಾದಾ. ಆದರೆ ನಿಧಾನ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಕಥೆ ಮಾತಿನಲ್ಲೇ ಮುಂದೆ ಹೋಗುತ್ತದೆ. ಒಬ್ಬರು ಒಂದು ಮಾತು ಆಡಿದರೆ ಮನೆಯಲ್ಲಿ ಏನೋ ಬದಲಾಗಿರುತ್ತದೆ. ಕೆಟ್ಟವರು ಅಂತ ಹಣೆಪಟ್ಟಿ ಹಚ್ಚಿಕೊಂಡು ಯಾರೂ ಬರುವುದಿಲ್ಲ. ತಪ್ಪು ಮಾಡಿದವರಿಗೂ ಅವರದೇ ಕಾರಣ ಇರುತ್ತದೆ, ಅದನ್ನು ಹೇಳಿಕೊಳ್ಳಲು ಜಾಗವೂ ಸಿಗುತ್ತದೆ. ನಿಜವಾಗಿ ನಿಧಾನ ಯಾವುದು ಗೊತ್ತಾ? ಒಂದು ಕಪಾಳಮೋಕ್ಷವನ್ನು ಮೂರು ಸಲ ತೋರಿಸಿ, ಸುತ್ತ ನಿಂತವರ ಮುಖವನ್ನೆಲ್ಲ ಒಂದೊಂದಾಗಿ ತೋರಿಸುವುದು. ಮಾಯಾಮೃಗದಲ್ಲಿ ಆ ಕಾಟ ಇಲ್ಲ.

‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರ್‌ನಲ್ಲಿ ಝೀ ಕನ್ನಡದಲ್ಲಿ ಶುರುವಾಯಿತು. ಮೂರೂ ಹೆಣ್ಣು ಅಂತ ಗಂಡ ಬಿಟ್ಟುಹೋದ ತಾಯಿ, ಮೆಸ್ ನಡೆಸಿ ಮಕ್ಕಳನ್ನು ಬೆಳೆಸುತ್ತಾಳೆ. ಆ ತಾಯಿ ಪುಟ್ಟಕ್ಕನಾಗಿ ನಟಿಸಿದ ಉಮಾಶ್ರೀ ಅವರಿಗಾಗಿಯೇ ನೋಡಬೇಕು. ‘ಒಡಲಾಳ’ ನಾಟಕದ ಸಾಕವ್ವನಾಗಿ ರಂಗದ ಮೇಲೆ ನಿಂತವರು ಅವರು. ಅವರು ಮಾತಾಡದೆ ಸುಮ್ನೆ ಕೂತಾಗಲೂ ಎದುರಿನ ನಟರ ಅಭಿನಯ ಸುಧಾರಿಸುತ್ತದೆ. ತಾಯಿಯ ದುಡಿಮೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ್ದು ಹೊಸ ಧಾರಾವಾಹಿಗಳ ದೊಡ್ಡ ಗಳಿಕೆ. ಈ ಒಂದು ವಿಷಯದಲ್ಲಿ ನಾನು ಪುಟ್ಟಕ್ಕನನ್ನು ಮಾಯಾಮೃಗಕ್ಕಿಂತ ಮೇಲೆ ಇಡುತ್ತೇನೆ. ಆದರೆ ದಿನಾ ಒಂದು ಕಂತು ಕೊಡಬೇಕು, ನೋಡುವವರು ಇರುವವರೆಗೆ ಎಳೆಯಬೇಕು. ನಡುಮಗಳು ಸ್ನೇಹಾ ಪಾತ್ರ ಸತ್ತ ಮೇಲೆ ಕಥೆಯ ಬೆನ್ನುಮೂಳೆಯೇ ಹೋಯಿತು. ಅಲ್ಲಿಗೆ ನಿಲ್ಲಿಸಿದರೂ ನಿಮಗೆ ನಷ್ಟವಿಲ್ಲ.

ಇನ್ನು 2020ರಲ್ಲಿ ಕಲರ್ಸ್ ಕನ್ನಡದಲ್ಲಿ ಬಂದ ‘ಗಿಣಿರಾಮ’. ಕಥೆಗೆ ಬಂದರೆ ಮೂರರಲ್ಲಿ ಇದೇ ಸಾಧಾರಣ. ಆದರೂ ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಬಿಡದೆ ನೋಡಿದರು, ಯಾಕೆಂದರೆ ನಾಯಕ ನಮ್ಮ ಉತ್ತರ ಕರ್ನಾಟಕದ ಮಾತು ಆಡುತ್ತಾನೆ. ನಮ್ಮ ಮಾತು ಅಂದರೆ ನಗಿಸುವ ಪಾತ್ರಕ್ಕೆ ಮಾತ್ರ ಅಂತ ಎಷ್ಟು ವರ್ಷ ನೋಡಿದ್ದೇವೆ ಅಲ್ವಾ? ಇಲ್ಲಿ ಅದೇ ಮಾತಿನಲ್ಲಿ ಸಿಟ್ಟು, ಪ್ರೀತಿ, ಅಳು ಎಲ್ಲ ಬಂತು.

ಕೊರತೆ ಏನೆಂದರೆ, ಇದು ಮರಾಠಿ ಧಾರಾವಾಹಿಯ ರೀಮೇಕ್. ಮಾತು ನಮ್ಮದು, ಕಥೆ ನಮ್ಮದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಹಿಂದೆ ನಾಟಕ ಕಂಪನಿಯನ್ನೇ ಕಟ್ಟಿತ್ತು. ಧಾರವಾಡದಲ್ಲಿ ರಂಗಾಯಣ ಇದೆ. ಹುಟ್ಟಿನಿಂದ ಈ ಮಾತು ಆಡುವ ನಟರು ಇಲ್ಲೇ ಇದ್ದಾರೆ, ಬರೆಯುವವರೂ ಇದ್ದಾರೆ. ಮಾಯಾಮೃಗದಂಥ ಬರವಣಿಗೆ ಈ ಮಾತಿನಲ್ಲಿ ಒಂದು ಬಂದರೆ ಸಾಕು, ನೂರೇ ಕಂತು ಇರಲಿ, ನಾನು ಒಂದನ್ನೂ ಬಿಡದೆ ನೋಡುತ್ತೇನೆ.